ಗೋಧಿ ಹೊಲದ ನಡುವೆ ನಿಂತ ಆ ಕಬ್ಬಿಣದ ಶಿಲುಬೆಗಳು ಯಾರವು?

ಪ್ರಶ್ನೆ: ನಾವು ಅಮೆರಿಕದ ಉತ್ತರ ಡಕೋಟಾದಲ್ಲಿ ಇದ್ದೇವೆ. ಬಿಸ್ಮಾರ್ಕ್‌ನಿಂದ ದಕ್ಷಿಣಕ್ಕೆ, ಎಮನ್ಸ್ ಕೌಂಟಿಯ (ಕೌಂಟಿ ಅಂದರೆ ಅಲ್ಲಿಯ ಜಿಲ್ಲೆ) ಕಡೆ ಹೋಗುವಾಗ ಗೋಧಿ ಹೊಲದ ನಡುವೆ ಒಂದು ಸಣ್ಣ ಸ್ಮಶಾನ ಕಂಡಿತು. ಸುತ್ತ ತಂತಿ ಬೇಲಿ. ಒಳಗೆ ಕಬ್ಬಿಣದ ಶಿಲುಬೆಗಳು, ಕೆಲವು ವಾಲಿವೆ. ಕೆಲವು ಕಲ್ಲುಗಳ ಮೇಲೆ ಜರ್ಮನ್ ಅಕ್ಷರ, ಒಂದರಲ್ಲಿ 'ರಷ್ಯಾ' ಎಂಬ ಪದ. ಪಕ್ಕದಲ್ಲಿ ಚರ್ಚ್ ಇಲ್ಲ, ಅಡಿಪಾಯದ ಕಲ್ಲು ಮತ್ತು ಮೆಟ್ಟಿಲು ಮಾತ್ರ ಇವೆ. ಇವರು ಯಾರು? ಯಾಕೆ ಹೀಗೆ ಬಿಟ್ಟು ಹೋದರು? ಒಳಗೆ ಹೋಗಬಹುದಾ? ನಮ್ಮಿಂದ ಏನಾದರೂ ಸಹಾಯ ಆಗುತ್ತದಾ?

ಉತ್ತರ: ನೀವು ನೋಡಿದ್ದು ರಷ್ಯಾದಿಂದ ಬಂದ ಜರ್ಮನರ ಸ್ಮಶಾನ. ಕಬ್ಬಿಣದ ಶಿಲುಬೆ, ಜರ್ಮನ್ ಬರಹ, ರಷ್ಯಾದ ಹೆಸರು, ಎಮನ್ಸ್ ಕೌಂಟಿ ಎಲ್ಲವೂ ಒಂದೇ ಕಡೆ ಸಿಕ್ಕರೆ ಬೇರೆ ಯಾರದೂ ಆಗಿರುವ ಸಾಧ್ಯತೆ ತೀರಾ ಕಡಿಮೆ. ಎಮನ್ಸ್, ಮೆಕಿಂಟಾಶ್, ಲೋಗನ್ ಈ ಮೂರು ಕೌಂಟಿಗಳು ಇವರ ಗಟ್ಟಿ ನೆಲೆ. ಶಿಲುಬೆಗಳು ಜಾಸ್ತಿ ಇದ್ದರೆ ಅದು ಬಹುತೇಕ ಕ್ಯಾಥೊಲಿಕರದು. ಪ್ರೊಟೆಸ್ಟೆಂಟ್ ಪಂಗಡವಾದ ಲುಥರನ್ ಸಭೆಯವರು ಕಲ್ಲಿಗೇ ಹೆಚ್ಚು ಒಲಿದಿದ್ದರು.

ಜರ್ಮನರು ರಷ್ಯಾಕ್ಕೆ ಹೋಗಿದ್ದು ಯಾಕೆ ಅನ್ನುವುದರಿಂದಲೇ ಶುರು ಮಾಡಬೇಕು. 1763ರಲ್ಲಿ ರಷ್ಯಾದ ರಾಣಿ ಎರಡನೇ ಕ್ಯಾಥರೀನ್ ಹೊರದೇಶದ ರೈತರನ್ನು ಕರೆದಳು. ಬನ್ನಿ, ಜಮೀನು ಕೊಡುತ್ತೇವೆ, ನಿಮ್ಮ ಧರ್ಮ ನಿಮಗೆ, ಸೈನ್ಯಕ್ಕೆ ಸೇರುವ ಬಲವಂತ ಇಲ್ಲ ಎಂದಳು. ಮೊದಲು ಹೋದವರು ವೋಲ್ಗಾ ನದಿಯ ದಂಡೆಯಲ್ಲಿ ನೆಲೆಸಿದರು. 1804ರಲ್ಲಿ ಅವಳ ಮೊಮ್ಮಗ ಮೊದಲನೇ ಅಲೆಕ್ಸಾಂಡರ್ ಮತ್ತೆ ಕರೆ ಕೊಟ್ಟ. ಈ ಸಲ ಕಪ್ಪು ಸಮುದ್ರದ ಹತ್ತಿರದ, ಒಡೆಸ್ಸಾ ಸುತ್ತಲಿನ ಬಯಲಿಗೆ. ಅಲ್ಸಾಸ್, ಬಾಡೆನ್, ವುರ್ಟೆಂಬರ್ಗ್ ಕಡೆಯವರು ಹೊರಟರು. ಯುದ್ಧಗಳಿಂದ, ಭೂಮಿಯ ಕೊರತೆಯಿಂದ ಅವರಿಗೆ ಊರಲ್ಲಿ ಬದುಕು ಕಷ್ಟವಾಗಿತ್ತು. ಎಮನ್ಸ್ ಕೌಂಟಿಯವರ ಹಿರಿಯರು ಬಹುಪಾಲು ಈ ಎರಡನೇ ಗುಂಪಿನವರು.

ಅವರು ಹೊಸ ಊರುಗಳಿಗೆ ಹಳೆಯ ಊರುಗಳ ಹೆಸರನ್ನೇ ಇಟ್ಟರು. ಒಡೆಸ್ಸಾ ಹತ್ತಿರದ ಕುಚುರ್ಗಾನ್ ಕಣಿವೆಯಲ್ಲಿ 1808ರ ಸುಮಾರಿಗೆ ಸ್ಟ್ರಾಸ್‌ಬುರ್ಗ್, ಮಾನ್‌ಹೈಮ್, ಸೆಲ್ಟ್ಸ್, ಬಾಡೆನ್ ಎಂಬ ಹಳ್ಳಿಗಳು ಹುಟ್ಟಿದವು. ಮುಂದೆ ಅಲ್ಲಿಂದ ಹೊರಟವರು ಎಮನ್ಸ್ ಕೌಂಟಿಯಲ್ಲಿ ಇನ್ನೊಂದು ಸ್ಟ್ರಾಸ್‌ಬರ್ಗ್ ಕಟ್ಟಿದರು. ನೀವು ಆ ಊರನ್ನು ದಾಟಿ ಹೋಗಿರಲೂಬಹುದು. ಫ್ರಾನ್ಸಿನ ಗಡಿ, ಉಕ್ರೇನಿನ ಬಯಲು, ಅಮೆರಿಕದ ಹುಲ್ಲುಗಾವಲು, ಮೂರು ಕಡೆಯೂ ಒಂದೇ ಹೆಸರು.

ಕೊಟ್ಟ ಮಾತು ಎರಡು ತಲೆಮಾರು ಉಳಿಯಿತು. 1871ರಲ್ಲಿ ಎರಡನೇ ಅಲೆಕ್ಸಾಂಡರ್ ಆ ವಿಶೇಷ ಹಕ್ಕುಗಳನ್ನು ತೆಗೆದುಹಾಕಿದ. 1874ರಲ್ಲಿ ಸೈನ್ಯಕ್ಕೆ ಸೇರುವುದು ಎಲ್ಲರಿಗೂ ಕಡ್ಡಾಯವಾಯಿತು. ಹಳ್ಳಿಗಳಲ್ಲಿ ಮಕ್ಕಳು ಜಾಸ್ತಿಯಾಗಿ, ಹಂಚಲು ಜಮೀನೂ ಉಳಿದಿರಲಿಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಜಾರಿಯಲ್ಲಿತ್ತು. ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು, ಉಳುಮೆ ಮಾಡಿದರೆ 160 ಎಕರೆ ನಿಮ್ಮದು. 1873ರಿಂದ ಈ ಜನ ಡಕೋಟಾಕ್ಕೆ ಬರತೊಡಗಿದರು. ಮೊದಲು ದಕ್ಷಿಣದ ಯಾಂಕ್ಟನ್ ಸುತ್ತ. ರೈಲು ಮೇಲಕ್ಕೆ ಬಂದ ಹಾಗೆ ಇವರೂ ಮೇಲಕ್ಕೆ ಬಂದರು. 1887ರಲ್ಲಿ ಯುರೇಕಾ ಎಂಬ ಊರಿಗೆ ರೈಲು ಮುಟ್ಟಿತು. ಅಲ್ಲಿ ಇಳಿದು, ಗಾಡಿ ಕಟ್ಟಿಕೊಂಡು ಉತ್ತರಕ್ಕೆ ಹೊರಟವರ ಮಕ್ಕಳು, ಮೊಮ್ಮಕ್ಕಳು ಅಂತಹ ಸ್ಮಶಾನಗಳಲ್ಲಿ ಮಲಗಿದ್ದಾರೆ.

ನಾನು ಮುಖ್ಯ ಅಂದುಕೊಂಡಿರುವ ವಿಷಯ ಇಲ್ಲಿದೆ. ರಷ್ಯಾದಲ್ಲಿ ಇವರು ನಮ್ಮ ಕಡೆಯ ಹಾಗೆ ಹಳ್ಳಿಯಲ್ಲೇ ಇರುತ್ತಿದ್ದರು. ಒಂದು ಅಗಲ ಬೀದಿ, ಎರಡೂ ಕಡೆ ಸಾಲು ಮನೆ, ನಡುವೆ ಚರ್ಚ್, ಹೊಲ ಊರಾಚೆ. ಅಮೆರಿಕದ ಕಾಯ್ದೆ ಅದಕ್ಕೆ ಅವಕಾಶ ಕೊಡಲಿಲ್ಲ. ಪ್ರತಿ ಕುಟುಂಬ ತನ್ನ 160 ಎಕರೆಯ ಮೇಲೆಯೇ ಮನೆ ಕಟ್ಟಿಕೊಂಡು ಇರಬೇಕು. ತಲೆಮಾರುಗಳಿಂದ ಅಕ್ಕಪಕ್ಕ ಬದುಕಿದವರು ಒಮ್ಮೆಲೇ ಅರ್ಧ ಮೈಲಿಗೊಬ್ಬರಾಗಿ ಚದುರಿದರು. ಮರವಿಲ್ಲ, ನೆರಳಿಲ್ಲ, ಪಕ್ಕದ ಮನೆಯ ದನಿ ಕೇಳುವುದಿಲ್ಲ. ಆಗ ಉಳಿದ ಒಂದೇ ಊರು ಅಂದರೆ ಚರ್ಚ್ ಮತ್ತು ಅದರ ಸ್ಮಶಾನ. ಭಾನುವಾರ ಅಲ್ಲಿ ಸೇರಿದಾಗ ಮಾತ್ರ ಊರು. ಚರ್ಚ್ ಹೋದ ಮೇಲೆ ಆ ಊರು ನಕ್ಷೆಯಲ್ಲಿ ಎಲ್ಲೂ ಉಳಿಯಲಿಲ್ಲ, ಯಾಕೆಂದರೆ ಅದು ನಕ್ಷೆಯಲ್ಲಿ ಮೊದಲೂ ಇರಲಿಲ್ಲ.

ಶುರುವಿನ ವರ್ಷಗಳು ಬಹಳ ಕಠಿಣ. ಮಣ್ಣಿನ ಇಟ್ಟಿಗೆಯ ಮನೆ ಕಟ್ಟುವ ವಿದ್ಯೆಯನ್ನು ಅವರು ಒಡೆಸ್ಸಾದ ಬಯಲಿನಿಂದಲೇ ತಂದಿದ್ದರು. ಸೌದೆ ಇಲ್ಲದ ನಾಡು, ಹಾಗಾಗಿ ಸಗಣಿ ಮತ್ತು ಹುಲ್ಲು ತುಳಿದು, ಕತ್ತರಿಸಿ, ಒಣಗಿಸಿ ಬೆರಣಿ ಮಾಡಿ ಉರಿಸುತ್ತಿದ್ದರು. ಹೌದು, ಬೆರಣಿಯೇ! ಡಕೋಟಾದ ಚಳಿಗಾಲವನ್ನು ಅವರು ದಾಟಿದ್ದು ಅದರ ಬಿಸಿಯಲ್ಲಿ. ಪಾದ್ರಿ ಒಬ್ಬರೇ ಹಲವು ಚರ್ಚುಗಳಿಗೆ. ಕುದುರೆ ಗಾಡಿಯಲ್ಲಿ ಕೆಲವು ವಾರಕ್ಕೊಮ್ಮೆ ಬರುತ್ತಿದ್ದರು. ಸಾವು ಅಲ್ಲಿಯವರೆಗೆ ಕಾಯುವುದಿಲ್ಲವಲ್ಲ, ಹಾಗಾಗಿ ಊರಿನ ಹಿರಿಯರೇ ಪ್ರಾರ್ಥನೆ ಹೇಳಿ ಮಣ್ಣು ಮಾಡುತ್ತಿದ್ದರು. ಚಳಿಗಾಲದಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿದರೆ ದೇಹವನ್ನು ಕಣಜದ ಕೋಣೆಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ವಸಂತದವರೆಗೆ ಕಾಯಬೇಕಾಗುತ್ತಿತ್ತು.

ಈಗ ಶಿಲುಬೆಗಳ ವಿಷಯ. ಅವನ್ನು ಮಾಡಿದವರು ಅದೇ ಸೀಮೆಯ ಕಮ್ಮಾರರು. ನೇಗಿಲ ಕುಳ ಹಣಿಯುವ ಕುಲುಮೆಯಲ್ಲೇ ಶಿಲುಬೆಯೂ ಹುಟ್ಟುತ್ತಿತ್ತು. ಗಾಡಿ ಗಾಲಿಯ ಕಬ್ಬಿಣದ ಪಟ್ಟಿ, ಮುರಿದ ಯಂತ್ರದ ತುಂಡು, ಸರಳು, ಕೈಗೆ ಸಿಕ್ಕಿದ್ದೆಲ್ಲ ಬಳಕೆಗೆ ಬರುತ್ತಿತ್ತು. ಅಮೃತಶಿಲೆ ತರಿಸಲು ದುಡ್ಡು ಬೇಕು, ರೈಲು ಬೇಕು. ಕಬ್ಬಿಣ ಮನೆಯ ಅಂಗಳದಲ್ಲೇ ಬಿದ್ದಿರುತ್ತಿತ್ತು. ಆದರೆ ಬಡತನಕ್ಕೆ ಮಾಡಿದ್ದು ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ಮತ್ತೊಮ್ಮೆ ಹೋದಾಗ ಹತ್ತಿರದಿಂದ ನೋಡಿ. ತೋಳುಗಳ ತುದಿಯಲ್ಲಿ ಸುರುಳಿ, ನಡುವೆ ಹೃದಯ, ಸುತ್ತ ಸೂರ್ಯನ ಕಿರಣದ ಹಾಗೆ ಹರಡಿದ ಸರಳುಗಳು, ನಕ್ಷತ್ರ, ಹೂವು, ಕೆಲವು ಕಡೆ ಪುಟ್ಟ ಗಂಟೆ. ಕಪ್ಪು, ಬಿಳಿ, ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಒಬ್ಬೊಬ್ಬ ಕಮ್ಮಾರನ ಕೈ ಒಂದೊಂದು ಥರ. ಕೈ ಪರಿಚಯವಾದರೆ ಯಾವ ಸ್ಮಶಾನದ ಶಿಲುಬೆ ಯಾವ ಕುಲುಮೆಯದು ಎಂದು ಗುರುತಿಸಬಹುದು. 1880ರ ದಶಕದಿಂದ ಸುಮಾರು ಅರ್ಧ ಶತಮಾನ ಈ ಕೆಲಸ ನಡೆಯಿತು. ಆಮೇಲೆ ಕಾರ್ಖಾನೆಯಲ್ಲಿ ನಯ ಮಾಡಿದ ಗ್ರಾನೈಟ್ ಅಗ್ಗವಾಗಿ ಸಿಗತೊಡಗಿತು, ಕಮ್ಮಾರರೂ ಕಡಿಮೆಯಾದರು. 1989ರಲ್ಲಿ ಮಧ್ಯ ಉತ್ತರ ಡಕೋಟಾದ ಇಂತಹ ಹಲವು ಸ್ಮಶಾನಗಳನ್ನು ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ತಡವಾದರೂ ಆ ಕಮ್ಮಾರರಿಗೆ ಸಲ್ಲಬೇಕಾದ ಗೌರವವೇ ಅದು.

ಈ ಶಿಲುಬೆಗಳಿಗೆ ಒಂದು ದೊಡ್ಡ ಕೊರತೆ ಇದೆ. ಹೆಸರನ್ನು ಬಹಳ ಸಲ ತಗಡಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಕಬ್ಬಿಣ ನೂರು ವರ್ಷ ನಿಂತಿತು, ಬಣ್ಣ ನಿಲ್ಲಲಿಲ್ಲ. ನೀವು ನೋಡಿದ ಹೆಸರಿಲ್ಲದ ಶಿಲುಬೆಗಳು ಹೆಸರಿಲ್ಲದವರದ್ದಲ್ಲ. ಬರಹ ಉದುರಿದೆ, ಅಷ್ಟೇ.

ಸಮಾಧಿಗಳ ಸಾಲನ್ನೂ ಗಮನಿಸಿ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಇದ್ದರೆ ಅವರಲ್ಲಿ ಜಗಳವಿತ್ತು ಅಂತ ಅಲ್ಲ. ಎಷ್ಟೋ ಜರ್ಮನ್ ಸಭೆಗಳಲ್ಲಿ ಕುಟುಂಬಕ್ಕೆ ಜಾಗ ಕಾದಿರಿಸುವ ಪದ್ಧತಿ ಇರಲಿಲ್ಲ. ಸತ್ತ ಕ್ರಮದಲ್ಲಿ, ಒಬ್ಬರ ಪಕ್ಕ ಒಬ್ಬರಂತೆ ಹೂಳುತ್ತಿದ್ದರು. ಶ್ರೀಮಂತನಿಗೂ ಕೂಲಿಯವನಿಗೂ ಒಂದೇ ಸಾಲು. ಮಕ್ಕಳಿಗೆ ಬೇರೆ ಸಾಲು. ಆ ಸಾಲಿನ ತಾರೀಖುಗಳನ್ನು ಓದುವಾಗ ಗಂಟಲು ಕಟ್ಟುತ್ತದೆ. ಒಂದೇ ಮನೆಯ ಇಬ್ಬರು, ಮೂವರು ಮಕ್ಕಳು ಒಂದೇ ತಿಂಗಳಲ್ಲಿ ಹೋಗಿದ್ದರೆ ಅದು ಬಹುತೇಕ ಗಂಟಲುಮಾರಿ ಅಂದರೆ ಡಿಫ್ತೀರಿಯಾ, ಇಲ್ಲವೇ ಸ್ಕಾರ್ಲೆಟ್ ಜ್ವರ. ಡಿಫ್ತೀರಿಯಾಕ್ಕೆ 1890ರ ದಶಕದಲ್ಲೇ ಔಷಧಿ ಬಂದಿತ್ತು. ಆದರೆ ವೈದ್ಯರು ಒಂದು ದಿನದ ಪ್ರಯಾಣದಷ್ಟು ದೂರ. 1918ರ ಕೊನೆಯ ತಿಂಗಳುಗಳಲ್ಲಿ ಇಪ್ಪತ್ತು, ಮೂವತ್ತು ವಯಸ್ಸಿನವರ ಸಮಾಧಿಗಳು ಒತ್ತಾಗಿದ್ದರೆ ಅದು ಇನ್‌ಫ್ಲುಯೆಂಜಾ.

ಹಾಗಾದರೆ ಯಾಕೆ ಬಿಟ್ಟು ಹೋದರು? ಜನ ಸಾಮಾನ್ಯವಾಗಿ ಬರ, ಯುದ್ಧ ಎನ್ನುತ್ತಾರೆ. ಅವೂ ನಿಜ. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಜಮೀನಿನ ಲೆಕ್ಕ. ಅಲ್ಲಿಯ ಅಳತೆಯಲ್ಲಿ ಒಂದು ಟೌನ್‌ಷಿಪ್ ಎಂದರೆ 36 ಚದರ ಮೈಲಿ, ಅಂದರೆ 23,040 ಎಕರೆ. ಕುಟುಂಬಕ್ಕೆ 160 ಎಕರೆಯಂತೆ ಹಂಚಿದರೆ 144 ಕುಟುಂಬ. ಮನೆಗೆ ಆರೇಳು ಮಕ್ಕಳು. ಒಂದು ಚರ್ಚ್ ತುಂಬಲು ಧಾರಾಳ ಸಾಕು, ಎರಡಾದರೂ ಸರಿಯೇ. ಆದರೆ ಆ ಒಣ ನಾಡಲ್ಲಿ 160 ಎಕರೆಯಲ್ಲಿ ಸಂಸಾರ ಸಾಗುವುದಿಲ್ಲ ಅನ್ನುವುದು ಬೇಗ ಗೊತ್ತಾಯಿತು. ಒಬ್ಬ ಮಾರಿದ, ಪಕ್ಕದವನು ಕೊಂಡ. ಟ್ರ್ಯಾಕ್ಟರ್ ಬಂತು, ಕೊಯ್ದು ಒಕ್ಕುವ ಕಂಬೈನ್ ಯಂತ್ರ ಬಂತು, ಜಮೀನು ಇನ್ನೂ ದೊಡ್ಡದಾಯಿತು. ಈಗ ಉತ್ತರ ಡಕೋಟಾದಲ್ಲಿ ಒಬ್ಬ ರೈತನ ಸರಾಸರಿ ಹಿಡುವಳಿ ಸುಮಾರು 1,500 ಎಕರೆ. ಅದೇ ಟೌನ್‌ಷಿಪ್‌ನಲ್ಲಿ ಈಗ ಹದಿನೈದು ಕುಟುಂಬಕ್ಕಷ್ಟೇ ಜಾಗ. ಹದಿನೈದು ಮನೆಯವರು ಪಾದ್ರಿಯ ಸಂಬಳ, ಚರ್ಚಿನ ಚಾವಣಿ, ಚಳಿಗಾಲದ ಕಲ್ಲಿದ್ದಲು ಎಲ್ಲವನ್ನೂ ಎಲ್ಲಿಂದ ತರಬೇಕು? ಎಮನ್ಸ್ ಕೌಂಟಿಯಲ್ಲಿ 1930ರಲ್ಲಿ 12,000ಕ್ಕೂ ಹೆಚ್ಚು ಜನ ಇದ್ದರು. 2020ರ ಗಣತಿಯಲ್ಲಿ 3,300ರಷ್ಟು. ಹೊಲ ಪಾಳು ಬಿದ್ದಿಲ್ಲ ನೋಡಿ, ನೀವು ಕಂಡದ್ದೂ ಚೆನ್ನಾಗಿ ಬೆಳೆದ ಗೋಧಿಯೇ. ಬೆಳೆ ಇದೆ, ಬೆಳೆಯುವ ಮನೆಗಳು ಇಲ್ಲ.

1930ರ ದಶಕದ ಬರ ಇದಕ್ಕೆ ವೇಗ ಕೊಟ್ಟಿತು. 1936 ಒಂದೇ ವರ್ಷ ಸಾಕು ಉದಾಹರಣೆಗೆ. ಫೆಬ್ರವರಿ 15ರಂದು ಪಾರ್ಶಲ್ ಎಂಬಲ್ಲಿ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ. ಜುಲೈ 6ರಂದು ಸ್ಟೀಲ್ ಎಂಬಲ್ಲಿ 49 ಡಿಗ್ರಿ ದಾಟಿತು. ಆ ರಾಜ್ಯದ ಅತಿ ಚಳಿ, ಅತಿ ಸೆಕೆ ಎರಡೂ ದಾಖಲೆ ಒಂದೇ ವರ್ಷದ್ದು. ಸಾವಿರಾರು ಕುಟುಂಬಗಳು ಪಶ್ಚಿಮ ಕರಾವಳಿಯ ರಾಜ್ಯಗಳಿಗೆ ಹೊರಟವು. ಉಳಿದವರ ಕೈಗೆ ಕಾರು ಬಂದಿತ್ತು, ರಸ್ತೆಯೂ ಸುಧಾರಿಸಿತ್ತು. ಗಾಡಿಯಲ್ಲಿ ಮೂರು ಮೈಲಿಯೇ ದೂರ ಅನ್ನಿಸುತ್ತಿದ್ದ ಜನಕ್ಕೆ ಕಾರಿನಲ್ಲಿ ಹದಿನೈದು ಮೈಲಿ ಹತ್ತಿರವಾಯಿತು. ಪಟ್ಟಣದ ಚರ್ಚಿಗೆ ಹೋಗತೊಡಗಿದರು. ಹಳ್ಳಿಯ ಚರ್ಚನ್ನು ಕೆಲವರು ಮರದ ದಿಮ್ಮಿಗಳ ಮೇಲೆ ಇಡಿಯಾಗಿ ಪಟ್ಟಣಕ್ಕೆ ಎಳೆದುಕೊಂಡು ಹೋದರು, ಕೆಲವರು ಹಲಗೆ ಲೆಕ್ಕದಲ್ಲಿ ಮಾರಿದರು. ನೀವು ನೋಡಿದ ಅಡಿಪಾಯದ ಕಥೆ ಇವೆರಡರಲ್ಲಿ ಒಂದಿರಬೇಕು. ಕೆಲವು ಕಡೆ ಚರ್ಚಿನ ಗಂಟೆಯನ್ನು ಮಾತ್ರ ಸ್ಮಶಾನದಲ್ಲೇ ಒಂದು ಕಂಬಕ್ಕೆ ಕಟ್ಟಿ ಉಳಿಸಿಕೊಂಡಿದ್ದಾರೆ.

ಭಾಷೆಯೂ ಒಂದು ಎಳೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಾತಾಡುವುದೇ ಅನುಮಾನಕ್ಕೆ ಕಾರಣವಾಯಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ಚರ್ಚಿನಲ್ಲಿ, ಫೋನಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂದು ಆಜ್ಞೆ ಹೊರಡಿಸಿದ. ನೆಬ್ರಾಸ್ಕಾ 1919ರಲ್ಲಿ ಚಿಕ್ಕ ಮಕ್ಕಳಿಗೆ ಬೇರೆ ಭಾಷೆ ಕಲಿಸುವುದನ್ನೇ ನಿಷೇಧಿಸಿತು. ಅದನ್ನು ಸುಪ್ರೀಂ ಕೋರ್ಟ್ 1923ರಲ್ಲಿ ರದ್ದು ಮಾಡಿತು. ಎಮನ್ಸ್, ಮೆಕಿಂಟಾಶ್ ಕಡೆ ಜರ್ಮನ್ ಅಷ್ಟು ಬೇಗ ಸಾಯಲಿಲ್ಲ. ಆದರೂ ಸಾಲು ಸಾಲಾಗಿ ನಡೆದು ನೋಡಿ, ಎರಡು ಯುದ್ಧಗಳ ನಡುವೆ ಕಲ್ಲಿನ ಬರಹ ಇಂಗ್ಲಿಷಿಗೆ ತಿರುಗುತ್ತದೆ. ಅಜ್ಜನ ಕಲ್ಲು ಮೊಮ್ಮಗನಿಗೆ ಓದಲು ಬಾರದೆ ಹೋಯಿತು.

ಇಷ್ಟಾದರೂ ಇವರು ಸಮಾಧಿಗಳನ್ನು ಮರೆತು ಹೋದರು ಎಂದು ನಾನು ಒಪ್ಪುವುದಿಲ್ಲ. ಬೇಲಿ ನಿಂತಿದೆ ಎಂದಿರಿ. ಉಳುವವನು ಬೇಲಿಯವರೆಗೆ ಬಂದು ತಿರುಗಿಸಿದ್ದಾನೆ. ಯಾರೋ ವರ್ಷಕ್ಕೊಮ್ಮೆಯಾದರೂ ಹುಲ್ಲು ಕೊಯ್ಯುತ್ತಿರಬೇಕು, ಇಲ್ಲದಿದ್ದರೆ ನಿಮಗೆ ಶಿಲುಬೆ ಕಾಣುತ್ತಿರಲಿಲ್ಲ. ಉತ್ತರ ಡಕೋಟಾದ ಕಾನೂನು ವಾರಸುದಾರರಿಲ್ಲದ ಸ್ಮಶಾನದ ಹೊಣೆಯನ್ನು ಕೌಂಟಿಯ ಮೇಲೆ ಹಾಕಿದೆ. ಹಣ ಸಾಲದು, ಆದರೆ ಹೊಣೆ ಇದೆ. ಇದೇ ಜನರ ಹಳೆಯ ನಾಡಿನಲ್ಲಿ ಅದೂ ಉಳಿಯಲಿಲ್ಲ. ಸೋವಿಯತ್ ಕಾಲದಲ್ಲಿ ಒಡೆಸ್ಸಾ ಸುತ್ತಲಿನ ಚರ್ಚುಗಳನ್ನು ಮುಚ್ಚಿದರು, ಗೋಪುರ ಕೆಡವಿದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಜರ್ಮನರೇ ಅಲ್ಲಿಂದ ಖಾಲಿಯಾದರು. ಎಷ್ಟೋ ಸ್ಮಶಾನಗಳ ಕಲ್ಲು ಕಟ್ಟಡದ ಕೆಲಸಕ್ಕೆ ಹೋಯಿತು. ಅಲ್ಲಿ ಹುಟ್ಟಿದವರ ಗುರುತು ಕೈಯಲ್ಲಿ ಮುಟ್ಟುವಂತೆ ಉಳಿದಿರುವುದು ಈ ಕಡೆಯ ಪ್ರೇರಿಯಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ. ಹಾಗಾಗಿಯೇ ನನಗೆ ಈ ಸಣ್ಣ ಸ್ಮಶಾನಗಳ ಬಗ್ಗೆ ಇಷ್ಟು ಕಳಕಳಿ.

ಕರ್ನಾಟಕದವರಾದ ನಿಮಗೆ ಇನ್ನೊಂದು ವಿಷಯ ಹೇಳಲೇಬೇಕು. ಮಂಗಳೂರಿನ ಬಾಸೆಲ್ ಮಿಶನ್ ನಮಗೆಲ್ಲ ಗೊತ್ತು, ಅಲ್ವಾ? ಹೆಂಚು, ಮುದ್ರಣಾಲಯ, ಕಿಟ್ಟೆಲರ ನಿಘಂಟು. ಅದೇ ಸಂಸ್ಥೆ ಇಂತಹ ವಲಸೆ ಜರ್ಮನರಿಗೂ ಪಾದ್ರಿಗಳನ್ನು ಕಳಿಸುತ್ತಿತ್ತು. ಬಾಸೆಲ್‌ನಲ್ಲಿ ತರಬೇತಿ ಪಡೆದ ಯೋಹಾನ್ ಬೋನೆಕೆಂಪರ್ 1824ರಲ್ಲಿ ಒಡೆಸ್ಸಾ ಬಯಲಿನ ರೋರ್‌ಬಾಖ್ ಹಳ್ಳಿಗೆ ಹೋದರು. ಆ ಹಳ್ಳಿಯ ಕುಟುಂಬಗಳು ಅರ್ಧ ಶತಮಾನದ ನಂತರ ಅಮೆರಿಕದ ಪ್ರೇರಿಗೆ ಬಂದವು. 1833ರಲ್ಲಿ ಫ್ರೀಡ್ರಿಖ್ ಶ್ಮಿಡ್ ಎಂಬವರನ್ನು ಬಾಸೆಲ್ ಮಿಶಿಗನ್‌ನ ಜರ್ಮನ್ ರೈತರ ಬಳಿಗೆ ಕಳಿಸಿತು. ಮರುವರ್ಷ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದರು. ಒಂದೇ ಮನೆಯಿಂದ ಹೊರಟವರು ಒಬ್ಬರು ಕಾಡು ಕಡಿದು ಮೆಕ್ಕೆಜೋಳ ಬೆಳೆಯುವವರ ಕಡೆಗೆ, ಇನ್ನೊಬ್ಬರು ನೇತ್ರಾವತಿಯ ದಂಡೆಗೆ.

ಇನ್ನು ಹೆಸರು ಹುಡುಕುವ ಬಗ್ಗೆ. ಕಲ್ಲಿಗಿಂತ ಕಾಗದವನ್ನು ಜಾಸ್ತಿ ನಂಬಿ. ಚರ್ಚ್ ಮುಚ್ಚಿದರೂ ಅದರ ಪುಸ್ತಕ ಸಾಮಾನ್ಯವಾಗಿ ಪಟ್ಟಣದ ಚರ್ಚಿಗೋ ಮೇಲಿನ ಕಚೇರಿಗೋ ಹೋಗಿರುತ್ತದೆ. ದೀಕ್ಷಾಸ್ನಾನ, ಮದುವೆ, ಸಾವು ಮೂರೂ ಅದರಲ್ಲಿರುತ್ತವೆ. ಸಂತ ಯೋಹಾನ, ಸಂತ ಮರಿಯ ಎಂಬ ಹೆಸರಿನ ಚರ್ಚುಗಳು ಹತ್ತಾರು ಇರುವುದರಿಂದ ಚರ್ಚಿನ ಹೆಸರೊಂದನ್ನೇ ಹಿಡಿದು ಹುಡುಕಿದರೆ ದಾರಿ ತಪ್ಪುತ್ತೀರಿ. ಟೌನ್‌ಷಿಪ್, ರೇಂಜ್, ಸೆಕ್ಷನ್ ಈ ಮೂರು ಸಂಖ್ಯೆ (ಭೂಮಾಪನ ನಕ್ಷೆಯಲ್ಲಿ ಜಾಗ ಗುರುತಿಸುವಂಥವು) ಹಿಡಿದು ಕೇಳಿ. ಸುತ್ತಲಿನ ಹೊಲಗಳ ಮೊದಲ ಹಕ್ಕುಪತ್ರಗಳು ಸರ್ಕಾರದ ಭೂದಾಖಲೆಯಲ್ಲಿ ಆನ್‌ಲೈನ್ ಸಿಗುತ್ತವೆ. ಸ್ಮಶಾನದ ಅರ್ಧ ಹೆಸರುಗಳು ಅಲ್ಲೇ ಸಿಕ್ಕಿಬಿಡುತ್ತವೆ. ಫಾರ್ಗೋದ ರಾಜ್ಯ ವಿಶ್ವವಿದ್ಯಾಲಯದಲ್ಲಿ ರಷ್ಯಾದ ಜರ್ಮನರದ್ದೇ ಒಂದು ಸಂಗ್ರಹ ಇದೆ, ಬಿಸ್ಮಾರ್ಕ್‌ನಲ್ಲಿ ಅವರ ಸಂಘವೇ ಇದೆ. ಲುಥರನ್ ಆಗಿದ್ದರೆ ಇನ್ನೂ ಹಿಂದಕ್ಕೆ ಹೋಗಬಹುದು. ಒಡೆಸ್ಸಾ ಕಡೆಯ ಸಭೆಗಳು ಪ್ರತಿ ವರ್ಷ ತಮ್ಮ ಪುಸ್ತಕದ ಪ್ರತಿಯನ್ನು ಸೇಂಟ್ ಪೀಟರ್ಸ್‌ಬರ್ಗ್‌ಗೆ ಕಳಿಸುತ್ತಿದ್ದವು. 1833ರಿಂದ 1885ರವರೆಗಿನವು ಉಳಿದಿವೆ. ಒಂದು ಎಚ್ಚರಿಕೆ: ರಷ್ಯಾದಲ್ಲಿ ಆಗ ಹಳೆಯ ಪಂಚಾಂಗ ಇತ್ತು. ಪುಸ್ತಕದ ಹುಟ್ಟಿದ ದಿನಕ್ಕೂ ಕಲ್ಲಿನ ದಿನಕ್ಕೂ 12 ದಿನ ವ್ಯತ್ಯಾಸ ಕಂಡರೆ ಅದು ಬೇರೆ ವ್ಯಕ್ತಿ ಎಂದು ಬಿಟ್ಟುಬಿಡಬೇಡಿ. ಜನಗಣತಿಯಲ್ಲಿ 'ರಷ್ಯಾ' ಎಂದಿರುವ ಊರು ಇಂದಿನ ನಕ್ಷೆಯಲ್ಲಿ ಉಕ್ರೇನ್ ಅಥವಾ ಮಾಲ್ಡೋವಾದಲ್ಲಿರುತ್ತದೆ.

ಒಳಗೆ ಹೋಗಬಹುದಾ ಎಂದು ಕೇಳಿದ್ದೀರಿ. ಸುತ್ತಲಿನ ಹೊಲದವರನ್ನು ಕೇಳಿ ಹೋಗಿ, ಬೆಳೆ ತುಳಿಯಬೇಡಿ. ಅವರೊಂದಿಗೆ ಎರಡು ಮಾತಾಡಿ. ಎಷ್ಟೋ ಸಲ ಆ ಸ್ಮಶಾನದ ಇತಿಹಾಸ ಗೊತ್ತಿರುವವರು ಅವರೇ. ವಾಲಿದ ಶಿಲುಬೆಯನ್ನು ನೀವಾಗಿಯೇ ನೆಟ್ಟಗೆ ಮಾಡಲು ಹೋಗಬೇಡಿ. ಬುಡದಲ್ಲಿ ತುಕ್ಕು ತಿಂದಿದ್ದರೆ ಕೈಯಲ್ಲೇ ಮುರಿಯುತ್ತದೆ. ತಂತಿ ಬ್ರಷ್, ಬ್ಲೀಚ್, ಕಲ್ಲಿಗೆ ಹಿಟ್ಟು ಅಥವಾ ಶೇವಿಂಗ್ ಕ್ರೀಮ್ ಹಚ್ಚಿ ಓದುವುದು ಯಾವುದೂ ಬೇಡ. ಇವೆಲ್ಲ ಕಲ್ಲನ್ನು ತಿನ್ನುತ್ತವೆ. ಅಕ್ಷರ ಓದಲು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಸಾಕು. ಒಂದು ಕನ್ನಡಿಯಿಂದ ಪಕ್ಕದಿಂದ ಬೆಳಕು ಹಾಯಿಸಿದರೆ ಮಾಸಿದ ಬರಹವೂ ಎದ್ದು ಕಾಣುತ್ತದೆ. ತಗ್ಗಾದ ನೆಲದ ಮೇಲೆ ಕಾಲಿಡಬೇಡಿ, ಅದು ಮರದ ಶಿಲುಬೆ ಕೊಳೆತು ಹೋದ ಸಮಾಧಿ ಇರಬಹುದು.

ಸಹಾಯ ಅಂದರೆ, ಫೋಟೋಗಳೇ ದೊಡ್ಡ ಸಹಾಯ. ಪ್ರತಿ ಶಿಲುಬೆಯದ್ದು ಮುಂದಿನಿಂದ ಒಂದು, ತಗಡಿನ ಹಲಗೆಯದ್ದು ಹತ್ತಿರದಿಂದ ಒಂದು, ಸಾಲು ಪೂರ್ತಿ ಕಾಣುವ ಹಾಗೆ ಒಂದು. ಫೋನಿನ ಸ್ಥಳ ಗುರುತು ಆನ್ ಇರಲಿ. ಪಶ್ಚಿಮದ ಮೂಲೆಯಿಂದ ಶುರು ಮಾಡಿ ಸಾಲುಗಳಿಗೆ ಸಂಖ್ಯೆ ಹಾಕಿ, ಕಾಗದದ ಮೇಲೆ ಒಂದು ಒರಟು ನಕ್ಷೆ ಬರೆಯಿರಿ. ಖಾಲಿ ಜಾಗವನ್ನೂ ಖಾಲಿ ಎಂದು ಗುರುತು ಮಾಡಿ. ಇವುಗಳ ಒಂದು ಪ್ರತಿಯನ್ನು ಕೌಂಟಿ ಕಚೇರಿಗೆ, ಇನ್ನೊಂದನ್ನು ಬಿಸ್ಮಾರ್ಕ್‌ನ ರಾಜ್ಯ ಇತಿಹಾಸ ಸಂಸ್ಥೆಗೆ ಕೊಡಿ. ತಗಡಿನ ಮೇಲೆ ಬಣ್ಣದ ಅಕ್ಷರ ಸ್ವಲ್ಪವಾದರೂ ಉಳಿದಿರುವ ಶಿಲುಬೆಗಳ ಫೋಟೋ ಮೊದಲು ತೆಗೆಯಿರಿ, ಚಳಿಗಾಲ ಬರುವ ಮುಂಚೆ.